ನಂಬಿಕೆಯೂ ನಿರುಪಾಯವೂ

ಒಬ್ಬರನ್ನು ನಂಬುವುದು ಬೇರೆ, ಅವರನ್ನು ನಂಬದೆ ಬೇರೆ ದಾರಿಯೇ ಇಲ್ಲದಿರುವುದು ಬೇರೆ. ಈ ಎರಡನ್ನೂ ನಾವು ಬಳಕೆಯ ಮಾತಿನಲ್ಲಿ ‘ನಂಬಿಕೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಆಗಿ ಕಾಣುವುದೂ ಸಹಜ. ದಿನದ ಗಳಿಕೆಯನ್ನು ಎಣಿಸದೆ ಮಗನ ಕೈಗಿತ್ತು ಮತ್ತೆ ಒಲೆಯ ಮುಂದೆ ಹೋಗಿ ಕುಳಿತ ತಾಯಿಯನ್ನು ಕಂಡರೆ, ಅವಳು ಎಣಿಸಬಲ್ಲವಳಾಗಿದ್ದೂ ಎಣಿಸದೆ ಕೊಟ್ಟಳೋ, ಎಣಿಸುವ ಬಗೆ ತಿಳಿಯದೆ ಕೊಟ್ಟಳೋ ನಮಗೆ ಹೇಗೆ ಗೊತ್ತಾಗಬೇಕು? ಕೊಟ್ಟ ಮೊತ್ತ ಅದೇ, ಪಡೆದ ಮಗ ಅವನೇ, ಇಬ್ಬರ ನಡುವಣ ಪ್ರೀತಿಯೂ ಅದೇ. ಆದರೂ ಮೊದಲ ಸಂದರ್ಭದಲ್ಲಿ ಅವಳು ಮಗನಿಗೆ ಏನನ್ನೋ ಕೊಡುತ್ತಿದ್ದಾಳೆ. ಎರಡನೆಯದರಲ್ಲಿ ಕೊಡುವ ಬಿಡುವ ಮಾತೇ ಅವಳ ವಶದಲ್ಲಿಲ್ಲ. ಈ ಭೇದ ಬಲು ಸೂಕ್ಷ್ಮವೆಂದು ಕೆಲವರಿಗೆ ತೋರಬಹುದು. ಈಚಿನ ಹತ್ತು ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳ ಚಿಕ್ಕಪುಟ್ಟ ವ್ಯಾಪಾರಗಳಲ್ಲಿ ಆಗಿರುವ ಮಾರ್ಪಾಟನ್ನು ನೋಡಿದರೆ, ಎಷ್ಟೋ ಸಂಸಾರಗಳ ಹಣೆಬರಹ ಈ ಸೂಕ್ಷ್ಮದ ಮೇಲೆಯೇ ನಿಂತಿದೆ ಎನ್ನಿಸುತ್ತದೆ.

ಪ್ರಶ್ನೆಯೇನೂ ಹೊಸದಲ್ಲ. ಓದುಬರಹ ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಊರಿಗೆ ಬಂದ ಕಾಗದವನ್ನು ಅಂಚೆಯವನೋ ಶಾಲೆಯ ಮಾಸ್ತರರೋ ಓದಿ ಹೇಳಬೇಕಾಗಿತ್ತು. ದೂರದೂರಿನಲ್ಲಿದ್ದ ಮಗಳು ಬರೆಸಿದ ಕಷ್ಟಸುಖದ ಮಾತು ಮೊದಲು ಮೂರನೆಯವರ ಬಾಯಿಯನ್ನು ಹಾದು ಆಮೇಲೆ ತಾಯಿಯ ಕಿವಿಯನ್ನು ಸೇರುತ್ತಿತ್ತು. ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಅದರೊಳಗೆ ಏನಿದೆ ಎಂಬುದು ಶಾನುಭೋಗರು ಹೇಳಿದಷ್ಟೇ ಗೊತ್ತು. ಶಾನುಭೋಗರಲ್ಲಿ ಧರ್ಮಭೀರುಗಳಾದವರು ಇದ್ದೇ ಇದ್ದರು. ಊರಿನ ಬಡವರ ನೆಲವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವರೂ ಇದ್ದರು. ಹಾಗಿದ್ದರೂ ವಂಶಪಾರಂಪರ್ಯವಾದ ಆ ಅಧಿಕಾರವನ್ನು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ಪ್ರತಿಯೊಬ್ಬ ಶಾನುಭೋಗನೂ ವಂಚಕನೆಂದು ಇದರಿಂದ ಯಾರೂ ಅರ್ಥಮಾಡಬೇಕಾಗಿಲ್ಲ. ಒಂದು ಊರಿನ ನೆಲದ ಲೆಕ್ಕವೆಲ್ಲ ಒಂದು ಮನೆತನದ ಕಡತದಲ್ಲಿ, ಆ ಮನೆಯವರು ಮಾತ್ರ ಓದಬಲ್ಲ ರೀತಿಯಲ್ಲಿ ಇರುವುದು, ಅದು ಒಳ್ಳೆಯವರ ಕೈಯಲ್ಲಿದ್ದಾಗಲೂ ಸರಿಯಾದ ಏರ್ಪಾಡಲ್ಲ ಎಂದಷ್ಟೇ ಅರ್ಥಮಾಡಿಕೊಂಡರೆ ಸಾಕು.

ಈಗ ಆ ಕಡತದ ಸ್ಥಾನಕ್ಕೆ ಅಂಗೈಯಗಲದ ಫೋನು ಬಂದಿದೆ. ಅದು ಬಂದ ಜಾಗವೂ ಗಮನಾರ್ಹವಾದದ್ದು. 2013ರಲ್ಲಿ ನಡೆದ ಆರನೆಯ ಆರ್ಥಿಕ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಹೆಂಗಸರ ಒಡೆತನದ ಉದ್ಯಮಗಳು ಸುಮಾರು 80 ಲಕ್ಷ. ಒಟ್ಟು ಉದ್ಯಮಗಳಲ್ಲಿ ಅವರ ಪಾಲು ನೂರಕ್ಕೆ 14ರ ಆಸುಪಾಸು. ಅವುಗಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕವು ಒಬ್ಬ ಸಂಬಳದ ಆಳೂ ಇಲ್ಲದೆ ನಡೆಯುವಂಥವು. ‘ಉದ್ಯಮ’ ಎಂಬ ದೊಡ್ಡ ಮಾತನ್ನು ಕೇಳಿ ವಾಚಕರು ಕಾರ್ಖಾನೆಯ ಹೊಗೆಕೊಳವೆಯನ್ನು ಊಹಿಸಿಕೊಳ್ಳಬಾರದು. ದೇವಸ್ಥಾನದ ಬಾಗಿಲಲ್ಲಿ ಮೊಳ ಅಳೆದು ಹೂ ಕೊಡುವವಳು, ಬೇಸಿಗೆಯ ಬಿಸಿಲನ್ನೇ ಬಂಡವಾಳ ಮಾಡಿಕೊಂಡು ಹಪ್ಪಳ ಸಂಡಿಗೆ ಇಡುವವಳು, ನಡುಮನೆಯಲ್ಲಿ ರವಿಕೆ ಹೊಲಿಯುವವಳು, ನಾಲ್ಕು ಮಂದಿ ವಿದ್ಯಾರ್ಥಿಗಳಿಗೆ ಊಟದ ಡಬ್ಬಿ ಕಟ್ಟಿಕೊಡುವವಳು—ಇವರೇ ಆ 80 ಲಕ್ಷ. ಮಂಗಳವಾರದ ಸಂತೆಯಲ್ಲೂ ಶುಕ್ರವಾರದ ಪೂಜೆಯಲ್ಲೂ ನಾವು ಕಾಣುವ ಮುಖಗಳು.

ಇವರ ಬದುಕಿನಲ್ಲಿ ಹಣದ ರೂಪ ಬದಲಾಯಿತು. 2016ರ ಏಪ್ರಿಲ್‌ನಲ್ಲಿ ಯುಪಿಐ ಎಂಬ ಪಾವತಿಯ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷದ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. 2020ರಲ್ಲಿ ಮಹಾಮಾರಿ ಬಂದು, ಕೈಯಿಂದ ಕೈಗೆ ಕಾಸು ದಾಟುವುದೇ ಭಯವೆನ್ನಿಸಿದ ದಿನಗಳಲ್ಲಿ, ಕಪ್ಪು ಬಿಳುಪಿನ ಆ ಚೌಕದ ಚೀಟಿ ತರಕಾರಿಯ ಬುಟ್ಟಿಯ ಮೇಲೂ ಕಾಣಿಸಿಕೊಂಡಿತು. ಈ ಚೀಟಿ ಏನು ಎಂಬುದನ್ನು ಒಂದು ಮಾತಿನಲ್ಲಿ ಹೇಳಬಹುದು: ಅದೊಂದು ವಿಳಾಸ. ಗಿರಾಕಿಯ ಫೋನು ಅದನ್ನು ಓದಿ, ಆತನ ಬ್ಯಾಂಕಿನಿಂದ ಆ ವಿಳಾಸದ ಹಿಂದಿರುವ ಖಾತೆಗೆ ಕ್ಷಣಮಾತ್ರದಲ್ಲಿ ಹಣ ಕಳುಹಿಸುತ್ತದೆ. ಚೀಟಿ ಯಾರ ಬುಟ್ಟಿಗೆ ಅಂಟಿದೆ ಎಂಬುದನ್ನು ಯಂತ್ರ ಕೇಳುವುದಿಲ್ಲ. ಅದರೊಳಗೆ ಯಾರ ವಿಳಾಸವಿದೆ ಎಂಬುದನ್ನಷ್ಟೇ ನೋಡುತ್ತದೆ. ಹಿಂದೆ ಗಲ್ಲಾಪೆಟ್ಟಿಗೆ ಯಾರ ಮುಂದಿದೆಯೋ ಹಣ ಅವರ ಕೈಗೆ ಬರುತ್ತಿತ್ತು. ಈಗ ಬುಟ್ಟಿ ಒಬ್ಬರದು, ವಿಳಾಸ ಇನ್ನೊಬ್ಬರದು ಆಗಿರಲು ಯಾವ ಅಡ್ಡಿಯೂ ಇಲ್ಲ.

ಹಾಗೆ ಆಗುವುದಕ್ಕೆ ಕಾರಣವೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಒಂದು ಮೊಬೈಲು ತಮಗಿದೆ ಎಂದ ಹೆಂಗಸರು ನೂರಕ್ಕೆ 54. ಇಂಟರ್‌ನೆಟ್ಟನ್ನು ಎಂದಾದರೂ ಬಳಸಿದ್ದೇವೆ ಎಂದ ಗಂಡಸರು ನೂರಕ್ಕೆ 57; ಹೆಂಗಸರು ನೂರಕ್ಕೆ 33. ಎಂದರೆ ವ್ಯಾಪಾರ ಅಮ್ಮನದಾದರೂ ಫೋನು ಮಗನದೋ ಗಂಡನದೋ ಆಗಿರುವ ಮನೆಗಳು ಎಷ್ಟೋ ಇವೆ. ಆ ವರ್ಷಗಳಿಂದ ಈಚೆಗೆ ಫೋನುಗಳು ಹೆಚ್ಚಿವೆ, ನಿಜ. ಆದರೆ ಫೋನು ಕೈಗೆ ಬಂದ ಮಾತ್ರಕ್ಕೆ ಅದರೊಳಗಿನ ಲೆಕ್ಕ ಕೈಗೆ ಬಂದಂತಾಗುವುದಿಲ್ಲ.

ಧಾರವಾಡದಲ್ಲಿ ನಮ್ಮ ಓಣಿಯ ತುದಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ತಾಯಿ ಇದ್ದಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಟಕಟಿ ರೊಟ್ಟಿ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು. ಇಪ್ಪತ್ತು ವರ್ಷದಿಂದ ನಡೆದುಬಂದ ಕೆಲಸ. ಓದಿದ್ದು ಮೂರನೆಯ ಇಯತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿದರೆ ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುವುದಿಲ್ಲ. ಈಗ ಬೆಂಗಳೂರಿನಿಂದಲೂ ಫೋನಿನಲ್ಲಿ ಬೇಡಿಕೆ ಬಂದು ರಾತ್ರಿಯ ಬಸ್ಸಿಗೆ ರೊಟ್ಟಿಯ ಡಬ್ಬಿಗಳು ಹೋಗುತ್ತವೆ. ಬಾಗಿಲ ಪಕ್ಕದಲ್ಲಿ ಚೌಕದ ಚೀಟಿ ತೂಗುಹಾಕಿದ್ದಾರೆ. ಒಮ್ಮೆ ರೊಟ್ಟಿ ತರಲು ಹೋದವನು ‘ವ್ಯಾಪಾರ ಹೆಂಗೈತ್ರಿ ಅಕ್ಕಾರ?’ ಎಂದು ಕೇಳಿದೆ. ‘ರೊಟ್ಟಿ ನಾ ಎಣಸ್ತೀನ್ರೀ ಸರ, ರೊಕ್ಕ ನಮ್ಮ ಹುಡುಗ ಎಣಸ್ತಾನ್ರಿ’ ಎಂದರು. ಆ ಮಾತಿನಲ್ಲಿ ದೂರಿನ ಸುಳಿವಿರಲಿಲ್ಲ. ಮಗನ ಮೇಲಿನ ಅಭಿಮಾನವೇ ಇತ್ತು. ‘ಭಾಳ ಚೊಲೊ ಹುಡುಗ್ರಿ. ಒಂದ ರೂಪಾಯಿ ಆಕಡೆ ಈಕಡೆ ಮಾಡಂಗಿಲ್ಲ’ ಎಂದು ಕೂಡಿಸಿದರು. ನನಗೂ ಆ ಹುಡುಗನ ಪರಿಚಯವುಂಟು. ಅವರ ಮಾತು ಅಕ್ಷರಶಃ ನಿಜ.

ಅವರಿಗೆ ಹಿಟ್ಟು ನಾದುವ ಯಂತ್ರವೊಂದನ್ನು ಕೊಳ್ಳುವ ಆಸೆ ಇತ್ತು. ಮೊಣಕೈ ಹಿಡಿದುಕೊಳ್ಳುತ್ತಿತ್ತು. ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದರು. ಅಲ್ಲಿಯವರು ಮರ್ಯಾದೆಯಿಂದಲೇ ಮಾತನಾಡಿಸಿ, ವ್ಯಾಪಾರದ ಹಣ ಬಂದು ಹೋದ ಲೆಕ್ಕ ಖಾತೆಯಲ್ಲಿ ಕಾಣಬೇಕು ಎಂದರು. ಅವರ ಪಾಸ್‌ಬುಕ್ಕಿನಲ್ಲಿ ಇದ್ದದ್ದು ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯ ಕಂತುಗಳು ಮಾತ್ರ. ರೊಟ್ಟಿಯ ಹಣವೆಲ್ಲ ಮಗನ ಖಾತೆಗೆ, ಅವನ ಸಂಬಳದ ಜೊತೆಗೆ ಬೆರೆತು ಬರುತ್ತಿತ್ತು. ಬ್ಯಾಂಕಿನ ಕಾಗದದ ಪ್ರಕಾರ ಅವರು ಸರ್ಕಾರದ ನೆರವು ಪಡೆಯುವ ಒಬ್ಬ ಗೃಹಿಣಿ. ಇಬ್ಬರು ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟು ದಿನಕ್ಕೆ ನಾನೂರು ರೊಟ್ಟಿ ಮಾಡಿಸುವ ಒಡತಿ ಅಲ್ಲಿ ಎಲ್ಲಿಯೂ ಇರಲಿಲ್ಲ. ‘ಇಪ್ಪತ್ತ ವರ್ಷ ಒಲಿ ಮುಂದ ಕುಂತೀನ್ರಿ. ಕಾಗದದಾಗ ನಾ ಇಲ್ಲೇ ಇಲ್ಲಂತ’ ಎಂದು ಅವರು ನಕ್ಕರು.

ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಗ ಪ್ರಾಮಾಣಿಕ. ಬ್ಯಾಂಕಿನವರು ನಿಯಮದಂತೆ ನಡೆದವರು. ಯಂತ್ರ ಹೇಳಿದ ಕಡೆಗೆ ಹಣ ಮುಟ್ಟಿಸಿತು. ದುಷ್ಟನೊಬ್ಬನಿದ್ದರೆ ನೀತಿಯ ಪ್ರಶ್ನೆ ಸುಲಭ. ಅವನತ್ತ ಬೆರಳು ತೋರಿಸಿ ಮುಗಿಸಬಹುದು. ಎಲ್ಲರೂ ಒಳ್ಳೆಯವರಾಗಿದ್ದೂ ಒಬ್ಬರಿಗೆ ಅನ್ಯಾಯವಾದಾಗ ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನನಗೆ ತೋರುವ ಮಟ್ಟಿಗೆ, ಅದು ಇರುವುದು ನಾನು ಮೊದಲು ಹೇಳಿದ ಭೇದದಲ್ಲಿ. ಆ ತಾಯಿ ಮಗನನ್ನು ನಂಬಿದ್ದರು. ಆದರೆ ನಂಬದಿರುವ ಶಕ್ತಿ ಅವರಿಗೆ ಇರಲಿಲ್ಲ.

ಇದಕ್ಕೆ ಮೂರು ಆಕ್ಷೇಪಣೆಗಳು ಬರಬಹುದು. ಮೂರರಲ್ಲೂ ತೂಕವಿದೆ.

ಮೊದಲನೆಯದು ಸಂಸಾರದ ಹೆಸರಿನಲ್ಲಿ ಬರುವ ಆಕ್ಷೇಪಣೆ. ತಾಯಿ ಮಕ್ಕಳ ನಡುವೆ ನಿನ್ನದು ನನ್ನದು ಎಂಬ ಲೆಕ್ಕವೇಕೆ? ಎಲ್ಲ ಹಣವೂ ಒಂದೇ ಒಲೆಗೆ ಸೇರುವುದಲ್ಲವೆ? ಈ ಮಾತು ಕೇಳಲು ಹಿತವಾಗಿದೆ. ನಮ್ಮ ಸಂಪ್ರದಾಯದ ಮಾತೆಂಬಂತೆಯೂ ತೋರುತ್ತದೆ. ಆದರೆ ಸಂಪ್ರದಾಯ ಒಂದೇ ದನಿಯಲ್ಲಿ ಮಾತನಾಡಿಲ್ಲ. ಹೆಂಗಸು ಕೈಕಸಬಿನಿಂದ ಗಳಿಸಿದ ಹಣದ ಮೇಲೆ ಗಂಡನಿಗೇ ಅಧಿಕಾರ ಎಂದು ಕಾತ್ಯಾಯನ ಸ್ಮೃತಿ ಹೇಳಿತು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ‘ಸ್ತ್ರೀಧನ’ ಎಂಬ ಪದಕ್ಕೆ ಅದರ ಸಹಜವಾದ ಅರ್ಥವನ್ನೇ ಹಿಡಿದು, ತವರಿನ ಉಡುಗೊರೆಯಷ್ಟಕ್ಕೇ ನಿಲ್ಲಿಸದೆ, ದಾಯವಾಗಿ ಬಂದದ್ದನ್ನೂ ಕ್ರಯಕ್ಕೆ ಕೊಂಡದ್ದನ್ನೂ ಅದರೊಳಗೆ ಸೇರಿಸಿದನು. ಸಂಸಾರ ಒಂದು ಎಂಬುದನ್ನು ಒಪ್ಪಿದ ಶಾಸ್ತ್ರಕಾರರಿಗೂ ಹೆಣ್ಣಿನ ಸೊತ್ತಿಗೆ ಒಂದು ಹೆಸರು ಬೇಕೆನ್ನಿಸಿತ್ತು ಎಂಬುದು ಇಲ್ಲಿ ಮುಖ್ಯ.

ಅದೇ ಕಲ್ಯಾಣದಲ್ಲಿ ಕೆಲವು ದಶಕಗಳ ತರುವಾಯ ಆಯ್ದಕ್ಕಿ ಲಕ್ಕಮ್ಮ ಬಾಳಿದಳು. ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ತಿರುಗಿ ಕೊಟ್ಟು ಬಾ ಎಂದವಳು ಲಕ್ಕಮ್ಮ. ಈ ಕಥೆಯನ್ನು ನಾವು ನಿರಾಶೆಯ, ಅಪರಿಗ್ರಹದ ಕಥೆಯೆಂದು ಪಾಠ ಹೇಳುತ್ತೇವೆ, ಸರಿಯೇ. ಆದರೆ ಅದರ ಕೆಳಗೆ ಇನ್ನೊಂದು ಸಂಗತಿ ಇದೆ. ದಿನಕ್ಕೆ ಎಷ್ಟು ಅಕ್ಕಿ ಬರಬೇಕು, ಇಂದು ಎಷ್ಟು ಬಂದಿದೆ ಎಂಬ ಅಳತೆ ಅವಳಿಗೆ ಗೊತ್ತಿತ್ತು. ಆ ಅಳತೆ ಗಂಡನ ಬುದ್ಧಿಯಲ್ಲಿ ಮಾತ್ರ ಇದ್ದಿದ್ದರೆ ಅವಳ ಧರ್ಮಪ್ರಜ್ಞೆಗೆ ಕೆಲಸವೇ ಇರುತ್ತಿರಲಿಲ್ಲ. ‘ಬೇಡ’ ಎನ್ನಲೂ ಲೆಕ್ಕ ತಿಳಿದಿರಬೇಕು. ತ್ಯಾಗ ಮಾಡುವವರಿಗೂ ತಾವು ಬಿಟ್ಟುಕೊಡುತ್ತಿರುವುದು ಎಷ್ಟು ಎಂಬುದು ಕಾಣುತ್ತಿರಬೇಕು.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಲೋಕದಲ್ಲಿ ಎಲ್ಲರೂ ಎಲ್ಲವನ್ನೂ ಕಲಿಯಲು ಸಾಧ್ಯವೆ? ನಾವು ವೈದ್ಯರನ್ನು ನಂಬಿ ಗುಳಿಗೆ ನುಂಗುತ್ತೇವೆ, ಚಾಲಕನನ್ನು ನಂಬಿ ಬಸ್ಸಿನಲ್ಲಿ ನಿದ್ರೆ ಮಾಡುತ್ತೇವೆ. ರೊಟ್ಟಿ ಬಲ್ಲವರು ರೊಟ್ಟಿ ಮಾಡಲಿ, ಫೋನು ಬಲ್ಲವರು ಫೋನು ನೋಡಲಿ. ಇದರಲ್ಲಿ ಪರಾಧೀನತೆ ಎಲ್ಲಿಂದ ಬಂತು?

ಬಸ್ಸಿನ ಉದಾಹರಣೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಎಂಜಿನ್ನಿನ ವಿಷಯ ನನಗೆ ಏನೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆದರೆ ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಓದಬಲ್ಲೆ. ಹುಬ್ಬಳ್ಳಿಯ ಬಸ್ಸು ಬೆಳಗಾವಿಯ ಕಡೆಗೆ ತಿರುಗಿದರೆ ಅದು ನನಗೆ ಗೊತ್ತಾಗುತ್ತದೆ. ‘ಯಾಕ್ರೀ?’ ಎಂದು ಕಂಡಕ್ಟರನ್ನು ಕೇಳಬಲ್ಲೆ. ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿಯಬಲ್ಲೆ. ಈ ಮೂರು ಇರುವುದರಿಂದ ನನ್ನ ನಿದ್ರೆ ನಂಬಿಕೆಯ ನಿದ್ರೆ. ಬೋರ್ಡು ಓದಲಾಗದೆ, ಕೇಳಲು ಬಾಯಿಲ್ಲದೆ, ಇಳಿಯಲು ದಾರಿಯಿಲ್ಲದೆ ಕುಳಿತವನ ಚಾಲಕ ಎಷ್ಟೇ ಸಜ್ಜನನಾಗಿರಲಿ, ಆ ಪ್ರಯಾಣಿಕನ ಸ್ಥಿತಿ ಮೂಟೆಯ ಸ್ಥಿತಿಯೇ ಸರಿ. ಕಲಿಯಬೇಕಾದದ್ದು ಎಂಜಿನ್ನನ್ನಲ್ಲ, ಬೋರ್ಡನ್ನು. ಯಂತ್ರವಿದ್ಯೆಯನ್ನು ಹೆಂಗಸರಿಗೆ ಕಲಿಸಬೇಕು ಎಂದು ವೇದಿಕೆಗಳಲ್ಲಿ ಹೇಳುವವರೂ, ಅದು ಅವರಿಗೆ ಹೇಗೆ ಸಾಧ್ಯ ಎಂದು ತಲೆ ಆಡಿಸುವವರೂ, ಈ ಭೇದವನ್ನು ಮರೆತು ಎಂಜಿನ್ನಿನ ವಿಷಯವನ್ನೇ ಮಾತನಾಡುತ್ತಾರೆ.

ಆ ಬೋರ್ಡಿನಲ್ಲಿ ಇರುವುದು ಎಷ್ಟು? ಚೀಟಿಯ ಹಿಂದಿರುವ ಖಾತೆ ಯಾರ ಹೆಸರಿನದು? ಇಂದು ಎಷ್ಟು ಬಂತು, ಈ ತಿಂಗಳು ಎಷ್ಟು ಬಂತು, ಅದನ್ನು ಎಲ್ಲಿ ನೋಡಬೇಕು? ರಹಸ್ಯಸಂಖ್ಯೆಯನ್ನು ಒತ್ತಬೇಕಾದದ್ದು ಹಣ ಕೊಡುವಾಗ. ಹಣ ಪಡೆಯಲು ಅದು ಬೇಕಿಲ್ಲ. ಈ ಒಂದು ಸಂಗತಿ ತಿಳಿಯದೆ, ‘ನಿಮಗೆ ಹಣ ಕಳಿಸುತ್ತಿದ್ದೇನೆ, ಸಂಖ್ಯೆ ಒತ್ತಿ’ ಎಂದ ಅಪರಿಚಿತರ ಮಾತು ನಂಬಿ ಕಳೆದುಕೊಂಡವರು ಬಹಳ ಮಂದಿ. ಮೋಸವಾದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಬೇಕೆನ್ನಿಸಿದಾಗ ಚೀಟಿಯನ್ನು ಬದಲಿಸಿ ತನ್ನದೇ ಖಾತೆಗೆ ತಿರುಗಿಸಿಕೊಳ್ಳಬಹುದು. ಬಸ್ಸಿನಿಂದ ಇಳಿಯುವುದೆಂದರೆ ಇದೇ. ಇಷ್ಟನ್ನು ಕಲಿಯಲು ಪದವಿ ಬೇಡ. ಹದವರಿತು ಹಿಟ್ಟು ನಾದಿ, ಬೆಂಕಿಯ ಉರಿ ನೋಡಿ ರೊಟ್ಟಿ ಬೇಯಿಸುವ ವಿದ್ಯೆಗಿಂತ ಇದು ಖಂಡಿತ ಕಷ್ಟದ್ದಲ್ಲ.

ಅನಕ್ಷರತೆಯನ್ನೂ ಅಸಾಮರ್ಥ್ಯವನ್ನೂ ಒಂದೆಂದು ಎಣಿಸಿದವರಿಗೆ ಹೆಂಗಸರೇ ಉತ್ತರ ಕೊಟ್ಟ ಪ್ರಸಂಗಗಳು ನಮ್ಮ ಕಾಲದಲ್ಲಿ ನಡೆದಿವೆ. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘದ ಹೆಂಗಸರು—ಹಳೆಯ ಬಟ್ಟೆಯ ವ್ಯಾಪಾರದವರು, ತಲೆಹೊರೆಯವರು, ತರಕಾರಿಯವರು—1974ರಲ್ಲಿ ತಮ್ಮದೇ ಬ್ಯಾಂಕನ್ನು ತೆರೆದರು. ನಾಲ್ಕು ಸಾವಿರ ಮಂದಿ ತಲಾ ಹತ್ತು ರೂಪಾಯಿ ಹಾಕಿದರು. ಸಹಿ ಮಾಡಲು ಬಾರದ ಸದಸ್ಯರಿಗಾಗಿ ಆ ಬ್ಯಾಂಕು ಪಾಸ್‌ಬುಕ್ಕಿನ ಮೇಲೆ ಭಾವಚಿತ್ರವನ್ನು ಅಂಟಿಸುವ ಪದ್ಧತಿ ತಂದಿತು. ಹಣ ಯಾರದೋ ಮುಖವೂ ಅವರದೇ ಇತ್ತು. ನಡುವೆ ಮಗನ ಅಥವಾ ಗಂಡನ ಹೆಸರು ಬರಬೇಕಾಗಲಿಲ್ಲ.

ಸಾತಾರ ಜಿಲ್ಲೆಯ ಮ್ಹಸ್ವಡ ಎಂಬ ಬರದ ನಾಡಿನ ಊರಿನಲ್ಲಿ ಚೇತನಾ ಸಿನ್ಹಾ ಅವರು ಹಳ್ಳಿಯ ಹೆಂಗಸರ ಸಹಕಾರಿ ಬ್ಯಾಂಕಿಗೆ ಅನುಮತಿ ಕೇಳಿದಾಗ, ಸದಸ್ಯರು ಅನಕ್ಷರಸ್ಥರೆಂಬ ಕಾರಣದಿಂದ ರಿಸರ್ವ್ ಬ್ಯಾಂಕು ಮೊದಲು ಒಪ್ಪಲಿಲ್ಲ. ಹೆಂಗಸರು ಕೆಲವು ತಿಂಗಳು ಅಕ್ಷರ ಕಲಿತು ಮತ್ತೆ ಹೋದರು. ನಮಗೆ ಓದಲು ಬಾರದಿರಬಹುದು, ಎಣಿಸಲು ಬರುತ್ತದೆ. ಯಾವುದಾದರೂ ಅಸಲು ಹೇಳಿ, ಬಡ್ಡಿ ಎಷ್ಟೆಂದು ನಾವು ಹೇಳುತ್ತೇವೆ, ನಿಮ್ಮ ಅಧಿಕಾರಿಗಳೂ ಯಂತ್ರವಿಲ್ಲದೆ ಹೇಳಲಿ, ಯಾರು ಮುಂದಾಗುತ್ತಾರೋ ನೋಡೋಣ ಎಂಬ ಅರ್ಥದ ಸವಾಲು ಹಾಕಿದರಂತೆ. 1997ರಲ್ಲಿ ಮಾಣದೇಶಿ ಮಹಿಳಾ ಬ್ಯಾಂಕು ಆರಂಭವಾಯಿತು. ಆ ಹೆಂಗಸರು ಲೆಕ್ಕವನ್ನು ಕಲಿಯಬೇಕಾಗಿರಲಿಲ್ಲ. ಅದು ಅವರಲ್ಲಿ ಇತ್ತು. ತಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ನಡುವೆ ಇದ್ದ ಗೋಡೆಯಲ್ಲಿ ಒಂದು ಬಾಗಿಲು ಬೇಕಾಗಿತ್ತು, ಅಷ್ಟೆ.

ಲೆಕ್ಕ ಓದಲು ಬಾರದಿದ್ದರೆ ಆಗುವ ಕೇಡು ಸಾಲ ಸಿಗದಿರುವುದೊಂದೇ ಅಲ್ಲ. 2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, 2021–22ರಿಂದ ಈಚೆಗೆ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು, ಸಾವಿರಾರು ಚಿಕ್ಕ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳುಹಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಚೌಕದ ಚೀಟಿಯನ್ನು ಕಿತ್ತು ‘ನಗದು ಮಾತ್ರ’ ಎಂಬ ಫಲಕ ಹಾಕಿದವು. ವರ್ಷದ ವಹಿವಾಟು ಸರಕುಗಳಲ್ಲಿ 40 ಲಕ್ಷ, ಸೇವೆಗಳಲ್ಲಿ 20 ಲಕ್ಷ ದಾಟಿದರೆ ನೋಂದಣಿ ಬೇಕೆಂಬ ನಿಯಮ, ತರಕಾರಿ ಹಾಲುಗಳಂಥ ವಸ್ತುಗಳಿಗೆ ತೆರಿಗೆಯೇ ಇಲ್ಲವೆಂಬ ವಿನಾಯಿತಿ—ಇವು ಅನೇಕರಿಗೆ ತಿಳಿದದ್ದು ನೋಟೀಸು ಬಂದಮೇಲೆ. ಗೊಂದಲವೆದ್ದ ಮೇಲೆ, ವಿನಾಯಿತಿಯ ವಸ್ತುಗಳಿಗೆ ತೆರಿಗೆ ಇಲ್ಲವೆಂದು ಸರ್ಕಾರ ಅದೇ ತಿಂಗಳಲ್ಲಿ ಭರವಸೆ ಕೊಟ್ಟಿತು.

ತೆರಿಗೆಯ ನ್ಯಾಯಾನ್ಯಾಯ ಇಲ್ಲಿಯ ವಿಷಯವಲ್ಲ. ಆ ಪ್ರಸಂಗ ಬೆಳಕಿಗೆ ತಂದ ಸಂಗತಿ ಇದು: ಯಂತ್ರ ನಮ್ಮ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನೂ ಬರೆದಿಡುತ್ತದೆ. ಆ ಲೆಕ್ಕವನ್ನು ಬ್ಯಾಂಕು ಓದಬಲ್ಲದು, ಸಾಲ ಕೊಡುವ ಕಂಪನಿ ಓದಬಲ್ಲದು, ಸರ್ಕಾರ ಓದಬಲ್ಲದು. ಓದಲಾರದವಳು ಯಾರ ದುಡಿಮೆಯಿಂದ ಆ ಲೆಕ್ಕ ಹುಟ್ಟಿತೋ ಅವಳು ಮಾತ್ರ. ಮಗನ ಸಂಬಳ, ತಾಯಿಯ ರೊಟ್ಟಿಯ ಹಣ, ನೆಂಟರು ಕೊಟ್ಟ ಕೈಸಾಲ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ, ಯಾವುದು ಯಾವುದು ಎಂದು ಹೊರಗಿನವರಿಗೆ ವಿವರಿಸುವುದು ಆ ಮಗನಿಗೂ ಕಷ್ಟವೇ. ಹಿಂದಿನ ಶಾನುಭೋಗರ ಕಡತ ಊರಿನಲ್ಲಿಯೇ ಇತ್ತು. ಇಂದಿನ ಕಡತ ನೂರು ಕಡೆ ಏಕಕಾಲದಲ್ಲಿ ತೆರೆದುಕೊಳ್ಳುತ್ತದೆ. ತನ್ನ ವಿಷಯದಲ್ಲಿ ಹೇಳುತ್ತಿರುವ ಸಾಕ್ಷಿಯನ್ನು ತಾನೇ ಕೇಳಿಸಿಕೊಳ್ಳಲಾರದವಳು ಉತ್ತರ ಹೇಗೆ ಕೊಡಬೇಕು?

ಹಾಗೆಂದು ಭಾರವನ್ನೆಲ್ಲ ಕಲಿಯುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಯಂತ್ರವನ್ನು ಮಾಡಿದವರಿಗೂ ಒಂದು ಧರ್ಮವಿದೆ. ಅಂಗಡಿಗಳಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲಿ ಕೂಗಿ ಹೇಳುವ ಚಿಕ್ಕ ಪೆಟ್ಟಿಗೆಯನ್ನು ವಾಚಕರು ಕೇಳಿದ್ದಾರೆ. ಹಣ ಕೊಡದೆಯೇ ಕೊಟ್ಟಂತೆ ಫೋನಿನಲ್ಲಿ ಚಿತ್ರ ತೋರಿಸಿ ಹೋಗುವ ಠಕ್ಕರಿಂದ ಅದು ಎಷ್ಟೋ ಹೂವಾಡಗಿತ್ತಿಯರನ್ನು ಉಳಿಸಿದೆ. ಓದಬಾರದವಳಿಗೆ ‘ಓದು’ ಎನ್ನದೆ, ಅವಳ ಕಿವಿಗೆ ಹೇಳುವ ಈ ಉಪಾಯದಲ್ಲಿ ಸೌಜನ್ಯವಿದೆ. 2022ರ ಮಾರ್ಚ್ 8ರಂದು ಆರಂಭವಾದ ‘123ಪೇ’ ಎಂಬ ಏರ್ಪಾಡು ಗುಂಡಿಯ ಫೋನಿನಿಂದಲೂ ಇಂಟರ್‌ನೆಟ್ ಇಲ್ಲದೆ ಹಣ ಕಳುಹಿಸುವಂತೆ ಮಾಡಿತು. ಆದರೆ ಕೂಗುವ ಪೆಟ್ಟಿಗೆ ಹಣ ಬಂತು ಎಂದು ಹೇಳುತ್ತದೆಯೇ ಹೊರತು ಅದು ಯಾರ ಖಾತೆಗೆ ಹೋಯಿತು, ತಿಂಗಳ ಕೊನೆಗೆ ಎಷ್ಟು ಉಳಿಯಿತು ಎಂದು ತಾನಾಗಿ ಹೇಳುವುದಿಲ್ಲ. ಬರುವ ಹಣವನ್ನು ಕನ್ನಡದಲ್ಲಿ ಕೂಗಬಲ್ಲ ಯಂತ್ರಕ್ಕೆ ಇದನ್ನೂ ಹೇಳಿಸುವುದು ದೊಡ್ಡ ಕೆಲಸವಾಗಲಾರದು.

ಮೂರನೆಯ ಆಕ್ಷೇಪಣೆ ಹೆಂಗಸರದ್ದೇ. ‘ನನಗ್ಯಾಕ್ರೀ ಈ ರಗಳೆ? ದಣಿದಿದ್ದೀನಿ’ ಎನ್ನುತ್ತಾರೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ನಾಲ್ಕಕ್ಕೆ ಎದ್ದು ದುಡಿದ ಜೀವಕ್ಕೆ ಸಂಜೆ ಮತ್ತೊಂದು ಪಾಠವೆಂದರೆ ಅದೂ ಒಂದು ದುಡಿಮೆಯೇ. ಇದರ ಜೊತೆಗೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇರುತ್ತದೆ. ಇಷ್ಟು ದಿನ ಕೇಳದ ಲೆಕ್ಕವನ್ನು ಈಗ ಕೇಳಿದರೆ ಮಗನಿಗೆ ನೋವಾದೀತು, ಸೊಸೆ ತಪ್ಪು ತಿಳಿದಾಳು. ನಮ್ಮಲ್ಲಿ ಲೆಕ್ಕ ಕೇಳುವುದೆಂದರೆ ಸಂಶಯಪಡುವುದು ಎಂಬ ಭಾವನೆ ಬೇರೂರಿದೆ. ದೇವಸ್ಥಾನದ ಹುಂಡಿಯನ್ನು ನಾಲ್ಕು ಜನರ ಮುಂದೆ ಎಣಿಸುವುದು ಪೂಜಾರಿಗೆ ಅವಮಾನವೆಂದು ಯಾರೂ ತಿಳಿಯುವುದಿಲ್ಲ. ಅದು ಅವನಿಗೇ ರಕ್ಷಣೆ. ಮನೆಯೊಳಗೆ ಮಾತ್ರ ಆ ವಿವೇಕ ನಮಗೆ ನೆನಪಾಗುವುದಿಲ್ಲ.

ಆದ್ದರಿಂದ ಮೊದಲ ಮಾತು ತಾಯಿಯ ಬಾಯಿಂದ ಬರಬೇಕೆಂದು ಕಾಯುವುದು ಸರಿಯಲ್ಲ. ಅದು ಮಗನ ಬಾಯಿಂದಲೇ ಬರಬೇಕು. ಪ್ರಾಮಾಣಿಕನಾದ ಸಹಾಯಕನಿಗೆ ಸಲ್ಲುವ ಕರ್ತವ್ಯ ಅದು. ಬೇರೆಯವರ ಹಣವನ್ನು ಶುದ್ಧವಾದ ಕೈಯಿಂದ ನೋಡಿಕೊಂಡರೆ ಕರ್ತವ್ಯದ ಅರ್ಧ ಮುಗಿಯಿತು. ಆ ಕೈ ಶುದ್ಧವೆಂಬುದನ್ನು ಹಣದ ಒಡತಿ ತಾನೇ ನೋಡಿ ತಿಳಿಯುವಂತೆ ಮಾಡಿಕೊಟ್ಟಾಗ ಉಳಿದ ಅರ್ಧ ಮುಗಿಯುತ್ತದೆ. ಮನೆಮನೆಯಲ್ಲಿ ದಿನವೂ ಕೇಳಿಬರುವ ಒಂದು ಮಾತಿದೆ: ‘ಕೊಡಮ್ಮ ಇಲ್ಲಿ, ನಾನೇ ಮಾಡ್ತೀನಿ.’ ಪ್ರೀತಿಯಿಂದಲೇ ಬರುವ ಮಾತು. ಅಮ್ಮನ ಬೆರಳು ಪರದೆಯ ಮೇಲೆ ತಡವರಿಸುವುದನ್ನು ನೋಡುವ ತಾಳ್ಮೆ ನಮಗಿಲ್ಲ. ಎರಡು ನಿಮಿಷದ ಕೆಲಸವನ್ನು ಎರಡು ಕ್ಷಣದಲ್ಲಿ ಮಾಡಿ ಮುಗಿಸುತ್ತೇವೆ. ಹೀಗೆ ಪ್ರತಿಸಲವೂ ಒಂದೂವರೆ ನಿಮಿಷ ಉಳಿಯುತ್ತದೆ. ಅಷ್ಟು ಸಲವೂ ಅವಳ ಕೈಯಿಂದ ಏನೋ ಒಂದಿಷ್ಟು ಜಾರಿಹೋಗುತ್ತದೆ. ನಮಗೆ ನಡೆಯಲು ಕಲಿಸಿದಾಗ ಆ ತಾಯಿ ಎತ್ತಿಕೊಂಡೇ ಓಡಾಡಿದ್ದರೆ ಅವಳಿಗೂ ಬೇಗ ಕೆಲಸ ಮುಗಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಬೆರಳು ಕೊಟ್ಟು ನಿಂತು ಕಾದಳು.

ಚೀಟಿಯ ವಿಳಾಸವನ್ನು ಅವಳ ಹೆಸರಿಗೆ ಬದಲಿಸಲು ಒಂದು ಮಧ್ಯಾಹ್ನ ಸಾಕು. ವಾರಕ್ಕೊಂದು ಸಂಜೆ ಪಕ್ಕದಲ್ಲಿ ಕುಳಿತು, ಫೋನು ಅವಳ ಕೈಯಲ್ಲಿಯೇ ಇರಗೊಟ್ಟು, ಬಂದದ್ದೆಷ್ಟು ಹೋದದ್ದೆಷ್ಟು ಎಂದು ಅವಳಿಂದಲೇ ಓದಿಸುವುದಕ್ಕೆ ಸ್ವಲ್ಪ ಹೆಚ್ಚು ದಿನ ಬೇಕಾದೀತು. ಆಮೇಲೆ ಅವಳು, ಸಾಕಪ್ಪಾ ನೀನೇ ನೋಡಿಕೋ ಎಂದು ಮತ್ತೆ ಎಲ್ಲವನ್ನೂ ಮಗನಿಗೇ ಬಿಡಬಹುದು. ಬಿಡಲಿ, ಒಲೆಯ ಮುಂದಿನ ಕೆಲಸವೇ ಅವಳಿಗೆ ಇಷ್ಟವಾಗಿರಬಹುದು. ಬೇಕೆಂದಾಗ ತಿರುಗಿ ಕೇಳಬಲ್ಲವಳು ಹಾಗೆ ಬಿಟ್ಟುಕೊಟ್ಟರೆ, ಅದನ್ನು ನಂಬಿಕೆಯೆಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.